ಅಪ್ಪ ಬಾಯಿ ಮುಚ್ಚಿಕೊಂಡು ಕೂರಬೇಕಾದ ಆಟ

ಮಗಳಿಗೆ ವಿಡಿಯೋ ಗೇಮ್ ಹಚ್ಚಿಸಿ ಹಾಳು ಮಾಡ್ತಿದ್ದೀಯಲ್ಲೋ ಅಂತ ಗೆಳೆಯನೊಬ್ಬ ಬೈದ. ಅವನು ಇರೋದು ಬೆಂಗಳೂರಲ್ಲಿ. ಶಿರಸಿಯ ಜುಲೈ ಮಳೆ ಮರೆತುಹೋಗಿದೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ ಆರನೇ ಕ್ಲಾಸಿನ ಹುಡುಗಿ ಮನೆಯೊಳಗೆ ಏನು ಮಾಡಬೇಕು? ಅವಳು ಮೊಬೈಲ್ ಹಿಡಿಯುವ ಮೊದಲೇ ನಾನು ಹಳೇ ಲ್ಯಾಪ್‌ಟಾಪ್‌ನಲ್ಲಿ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಹಾಕಿಕೊಟ್ಟೆ.

1990ರ ಆಟ ಇದು. ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಸೇರಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ ಮಾಡಿದ್ದು. ಗೈಬ್ರಶ್ ತ್ರೀಪ್‌ವುಡ್ ಅನ್ನೋ ಪೆದ್ದು ಹುಡುಗನಿಗೆ ಕಡಲ್ಗಳ್ಳ ಆಗಬೇಕು ಅಂತ ಆಸೆ. ನಾನು ಆಡಿದ್ದು ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ, ಯಾರೋ ತಂದ ಕಾಪಿ ಸಿಡಿಯಲ್ಲಿ. ಕಳ್ಳರ ಆಟಕ್ಕೆ ಕಳ್ಳ ಸಿಡಿ, ಸರಿಯಾಗೇ ಇತ್ತು. ಈಗಿನದು ದುಡ್ಡು ಕೊಟ್ಟು ತಗೊಂಡ 2009ರ ಸ್ಪೆಷಲ್ ಎಡಿಷನ್. ಚಿತ್ರವೆಲ್ಲ ಹೊಸದಾಗಿ ಬರೆದು, ಪಾತ್ರಗಳಿಗೆ ದನಿ ಕೊಡಿಸಿದ್ದಾರೆ. ಎಫ್10 ಒತ್ತಿದರೆ ಅದೇ ದೃಶ್ಯ ಹಳೇ ಚೌಕ ಚೌಕ ಚುಕ್ಕಿಗಳಿಗೆ ವಾಪಸ್ ಹೋಗುತ್ತೆ, ದನಿಯೂ ನಿಲ್ಲುತ್ತೆ.

ಮಗಳು ಆರಿಸಿಕೊಂಡಿದ್ದು ಹಳೇದನ್ನೇ. ದನಿ ಇಲ್ಲದಿದ್ದರೆ ಮಾತು ಅವಳೇ ಆಡಬಹುದು ನೋಡಿ. ಕೈ ಬೀಸಿ ಬೀಸಿ ಹಳೇ ಹಡಗು ಮಾರುವ ಸ್ಟಾನ್‌ಗೆ ಯಕ್ಷಗಾನದ ಹಾಸ್ಯಗಾರನ ದನಿ ಕೊಟ್ಟಳು. ಭೂತದ ಕಡಲ್ಗಳ್ಳ ಲೆಚಕ್‌ನ ಮಾತು ನನ್ನ ಪಾಲಿಗೆ ಬಂತು. ಹೊಸ ಗೈಬ್ರಶ್‌ನ ಕೂದಲು ನನಗೂ ಹಿಡಿಸಲಿಲ್ಲ, ಅದು ಬೇರೆ ವಿಷಯ.

ನಮ್ಮ ಕಡೆ ಕಡಲ್ಗಳ್ಳರು ಬಂದಿದ್ರಾ ಅಂತ ನಡುವೆ ಕೇಳಿದಳು. ಬಂದಿದ್ದರು. 1697ರಲ್ಲಿ ಕ್ಯಾಪ್ಟನ್ ಕಿಡ್ ತನ್ನ ‘ಅಡ್ವೆಂಚರ್ ಗ್ಯಾಲಿ’ ಹಡಗು ತಂದು ನಿಲ್ಲಿಸಿದ್ದು ಕಾರವಾರದಲ್ಲೇ, ಸೌದೆ ನೀರು ತುಂಬಿಸಿಕೊಳ್ಳೋಕೆ. ಅವನ ಕೆಲವು ಆಳುಗಳು ಅಲ್ಲೇ ಹಡಗು ಬಿಟ್ಟು, ಇಂಗ್ಲಿಷರ ಕೋಠಿಯವರ ಹತ್ತಿರ ಎಲ್ಲ ಬಾಯಿಬಿಟ್ಟರು. 1701ರಲ್ಲಿ ಅವನನ್ನು ಲಂಡನ್ನಿನಲ್ಲಿ ನೇಣಿಗೆ ಹಾಕಿದರು. ನಮ್ಮ ಗೈಬ್ರಶ್‌ಗೆ ಹೋಲಿಸಿದರೆ ಆತ ಬಹಳ ಬೋರು ಮನುಷ್ಯ ಅಂತ ಮಗಳ ತೀರ್ಪು.

ಈ ಆಟದ ಜೀವ ಇರೋದು ಕತ್ತಿವರಸೆಯಲ್ಲಿ. ಕತ್ತಿ ಸುಮ್ನೆ ನೆಪ. ಎದುರಾಳಿ ಬೈಯುತ್ತಾನೆ, ನೀವು ಅದಕ್ಕೆ ತಕ್ಕ ಉತ್ತರ ಕೊಡಬೇಕು. ಶುರುವಿನಲ್ಲಿ ನಿಮ್ಮ ಹತ್ತಿರ ಒಂದು ಒಳ್ಳೆ ಬೈಗುಳವೂ ಇರಲ್ಲ. ದಾರಿಯಲ್ಲಿ ಸಿಕ್ಕ ಕಳ್ಳರ ಹತ್ತಿರ ಸೋತು, ಅವರು ಬೈದಿದ್ದನ್ನು ಮುಂದಿನವನಿಗೆ ಬೈದು, ಅವನ ಉತ್ತರ ಕದ್ದು ಕಲೀಬೇಕು. ಒಬ್ಬ ಹೇಳ್ತಾನೆ, ನೀನು ಹಾಲು ಮಾರುವವನ ಹಾಗೆ ಹೊಡೆದಾಡ್ತೀಯ ಅಂತ. ಅದಕ್ಕೆ ಉತ್ತರ: ಸರಿಹೋಯ್ತು, ನೀನು ಹೊಡೆದಾಡೋದು ದನದ ಹಾಗೆ. ಕೊಟ್ಟಿಗೆ ಇರುವ ಮನೆಯ ಕೂಸು, ನಕ್ಕೂ ನಕ್ಕೂ ಗಣಿತದ ಪಟ್ಟಿಯ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಆಮೇಲೆ ಕತ್ತಿವರಸೆಯ ಗುರು ಕಾರ್ಲಾ ಬರುತ್ತಾಳೆ. ಅವಳ ಬೈಗುಳ ಒಂದೂ ಮೊದಲು ಕೇಳಿದ್ದಲ್ಲ. ನಿಮ್ಮ ಹತ್ತಿರ ಇರೋದು ಹಳೇ ಉತ್ತರಗಳೇ. ನಿನ್ನ ಮೈಯ ರಕ್ತವನ್ನು ಒಂದು ಹನಿ ಬಿಡದೆ ಕರೆದುಬಿಡ್ತೇನೆ ಅಂದಳು ಕಾರ್ಲಾ. ಮಗಳು ಪಟ್ಟಿ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದಳು. ನನಗೆ ನಾಲಿಗೆ ತುದಿಗೇ ಬಂದಿತ್ತು. ‘ಅಪ್ಪಾ, ನೀ ಸುಮ್ನಿರು. ಆನೇ ಹುಡುಕ್ತಿ.’ ಸೋತಳು. ಮತ್ತೆ ಕಾಡಿನ ದಾರಿ ಹಿಡಿದು ಕಾರ್ಲಾಳ ಮನೆಗೆ ಹೋದಳು. ಅಜ್ಜಿ ಊಟಕ್ಕೆ ಕರೆದರೂ ಏಳಲಿಲ್ಲ. ಕಡೆಗೆ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಳು: ‘ಕರೆಯದು ಅಂದ್ರೆ ದನ! ದನದ್ದೇ ಹಾಕವು!’

ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಗೊತ್ತಿರುವ ರುಚಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಭಾಗವತರ ಪದ್ಯ ಅದೇ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ರಾಮನನ್ನು ಕೇಳೋದೂ ಅದೇ. ಆದರೆ ವಾಲಿಯ ಅರ್ಥ ಹೇಳುವವರು ಅದನ್ನು ಈ ಸಲ ಬೇರೆ ಮಗ್ಗುಲಿನಿಂದ ಎತ್ತಿದರೆ, ಬಾಯಿಪಾಠ ಮಾಡಿಕೊಂಡು ಬಂದ ರಾಮನ ಗತಿ ಮುಗೀತು. ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ಹಾಕಿಕೊಂಡು ನಮ್ಮಪ್ಪ ತಲೆದೂಗುತ್ತಿದ್ದದ್ದು ಇಂಥ ಜಾಗದಲ್ಲೇ. ಮಗಳು ಮಾಡಿದ್ದೂ ಆ ಕೆಲಸವನ್ನೇ. ಗೇಮ್ ಆಡಿ ಹಾಳಾಗೋದು ಅಂದ್ರೆ ಇದೇ ಆದರೆ, ಹಾಳಾಗಲಿ ಬಿಡಿ.

ಹೊಸ ಆವೃತ್ತಿಯಲ್ಲಿ ನನಗಿರುವ ತಕರಾರು ಒಂದೇ. ಕೀ ಒತ್ತಿದರೆ ಸುಳಿವು ಬರುತ್ತೆ. ಆಗ ಸುಳಿವಿನ ಪುಸ್ತಕ ಬೇಕಂದ್ರೆ ಬೇರೆ ದುಡ್ಡು ಕೊಟ್ಟು ತರಿಸಬೇಕಿತ್ತು. ಅದನ್ನು ಆಟವೇ ಗೇಲಿ ಮಾಡುತ್ತೆ. ಆಟಗಾರರನ್ನು ಸುಮ್ಮಸುಮ್ನೆ ಸಾಯಿಸಬಾರದು ಅನ್ನೋದು ಗಿಲ್ಬರ್ಟ್‌ನ ಹಟ, 1989ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ದ. ಹಾಗಾಗಿ ಇಲ್ಲಿ ಸಾಯೋದೇ ಕಷ್ಟ. ಗೈಬ್ರಶ್ ಹತ್ತು ನಿಮಿಷ ಉಸಿರು ಕಟ್ಟಬಲ್ಲೆ ಅಂತ ಜಂಬ ಕೊಚ್ಚಿಕೊಳ್ತಾನಲ್ಲ, ನೀರಿನ ಅಡಿಯಲ್ಲಿ ಅವನನ್ನು ಹತ್ತು ನಿಮಿಷ ಬಿಟ್ಟರೆ ಮಾತ್ರ ಸಾಯ್ತಾನೆ. ಮಗಳು ಗೋಡೆ ಗಡಿಯಾರ ನೋಡುತ್ತಾ ಕೂತಳು. ಅವನು ಹಸಿರಾದ. ಪರದೆಯ ಕೆಳಗೆ ‘ತೆರೆ’, ‘ಎತ್ತಿಕೋ’ ಅಂತ ಅವನಿಗೆ ಕೊಡುವ ಆಜ್ಞೆಗಳು ಇದ್ದ ಕಡೆ ‘ತೇಲು’, ‘ಊದಿಕೋ’, ಜೊತೆಗೆ ‘ಸುಳಿವಿನ ಪುಸ್ತಕ ತರಿಸು’ ಅಂತ ಬಂತು!

ಕೀ ಒತ್ತದೇ ಇರಬಹುದು. ಎಲ್ಲ ಗೊತ್ತಿದ್ದು ಪಕ್ಕದಲ್ಲಿ ಕೂತ ಅಪ್ಪನ ಕಾಟ ಅದಕ್ಕಿಂತ ಜಾಸ್ತಿ. ‘ಆ ಬಾಗಿಲು ಒಮ್ಮೆ ನೋಡು’ ಅಂದರೂ ಮುಗೀತು, ಅವಳ ಅರ್ಧ ದಿನದ ಖುಷಿ ನಾವು ತಿಂದ ಹಾಗೆ. ಕೆಮ್ಮೋದೂ ಸುಳಿವೇ.

ಈಗ ಇಬ್ಬರೂ 2022ರ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ ಶುರು ಮಾಡಿದ್ದೇವೆ. ಗಿಲ್ಬರ್ಟ್, ಗ್ರಾಸ್‌ಮನ್ ಮತ್ತೆ ಸೇರಿ ಮಾಡಿದ್ದು. ಇದರಲ್ಲಿ ಗೈಬ್ರಶ್‌ಗೂ ವಯಸ್ಸಾಗಿದೆ, ಮಗನನ್ನು ಕೂರಿಸಿಕೊಂಡು ಕಥೆ ಹೇಳ್ತಾನೆ. ಸುಳಿವಿನ ಪುಸ್ತಕ ಆಟದ ಒಳಗೇ ಇಟ್ಟುಬಿಟ್ಟಿದ್ದಾರೆ. ಇದನ್ನು ನಾನೂ ಆಡಿಲ್ಲ, ಹಾಗಾಗಿ ಬಾಯಿ ಬಿಡೋಕೆ ಪರವಾನಗಿ ಸಿಕ್ಕಿದೆ. ಸದ್ಯ ಒಂದು ಕಡೆ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೇವೆ. ಎಲ್ಲಿ ಅಂತ ಹೇಳಲ್ಲ. ಆಡಿ ಮುಗಿಸಿದವರು ಇಲ್ಲಿ ಉತ್ತರ ಬರೀಬೇಡಿ ಮಾರಾಯ್ರೆ, ಮಗಳು ನನ್ನ ಪೋಸ್ಟ್ ಓದುತ್ತಾಳೆ.