ಈ ದಸರಾ ರಜೆಗೆ ಮಕ್ಕಳನ್ನು ಕುದುರೆಮುಖಕ್ಕೆ ಕಳಿಸಿಕೊಡಿ

ಎಂಟನೇ ಕ್ಲಾಸಿನಲ್ಲಿ ಸ್ಕೌಟ್ ಆಗಿದ್ದಾಗ ನಾನೊಂದು ಹೈಕ್ ವರದಿ, ಅಂದರೆ ಬೆಟ್ಟ ಹತ್ತಿ ಬಂದ ವರದಿ, ಬರೆದಿದ್ದೆ. ‘ಬೆಳಗ್ಗೆ ಆರಕ್ಕೆ ಹೊರಟೆವು. ಬೆಟ್ಟದ ತುದಿ ಮುಟ್ಟಿ ಆನಂದಿಸಿದೆವು. ಪ್ರಕೃತಿ ಸೌಂದರ್ಯ ಸವಿದೆವು.’ ಅವತ್ತು ನಾವು ಎಲ್ಲಿಗೂ ಹೋಗಿರಲಿಲ್ಲ. ಮಂಡ್ಯದಲ್ಲಿ ನಮ್ಮ ಸ್ಕೂಲಿನ ಒಂದು ರೂಮಿನಲ್ಲಿ ಕೂತು, ಹಿಂದಿನ ವರ್ಷದ ಹುಡುಗನ ಲಾಗ್‌ಬುಕ್ ನೋಡಿಕೊಂಡು ಹದಿನಾರು ಜನ ಅದನ್ನೇ ಬರೆದಿದ್ದೆವು. ತಾರೀಖು ಮಾತ್ರ ಬೇರೆ. ಬ್ಯಾಡ್ಜ್ ಬಂತು. ಅಮ್ಮ ಅದನ್ನು ಶರ್ಟಿಗೆ ಹೊಲಿದು, ಬೀದಿಯವರಿಗೆಲ್ಲ ತೋರಿಸಿದಳು. ಅವಳಿಗೆ ನಿಜ ಹೇಳೋಕೆ ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಈಗ ನಮ್ಮ ಟ್ರೂಪಿನ, ಅಂದರೆ ದಳದ, ಸ್ಕೌಟ್ ಹುಡುಗರು, ಗೈಡ್ ಹುಡುಗಿಯರು ದಸರಾ ರಜೆಯಲ್ಲಿ ಕುದುರೆಮುಖಕ್ಕೆ ಹೊರಟಿದ್ದಾರೆ. ಮೂರು ದಿನ, ಎರಡು ರಾತ್ರಿ. ಬಟ್ಟೆ, ಟೆಂಟು, ಅಕ್ಕಿ, ಸ್ಟವ್ ಎಲ್ಲ ಅವರವರ ಬೆನ್ನ ಮೇಲೆ. ಟ್ರೂಪಿನಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಹೆಸರು ಕೊಟ್ಟಿರೋದು ಒಂಬತ್ತು. ಉಳಿದ ಇಪ್ಪತ್ತೆರಡು ಮಕ್ಕಳಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ಕೌಟಿಂಗ್ ಶುರುವಾಗಿದ್ದೇ ಹೊರಗೆ, ಟೆಂಟಿನಲ್ಲಿ. 1907ರ ಆಗಸ್ಟಿನಲ್ಲಿ, ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದುಕೊಂಡು ಹೋದರು. ನಾಲ್ಕು ಗುಂಪು ಮಾಡಿ, ಅಡುಗೆ ಮಾಡೋದು, ಹೆಜ್ಜೆ ಗುರುತು ಹಿಡಿಯೋದು ಕಲಿಸಿದರು. ಎರಡೇ ವರ್ಷದಲ್ಲಿ, 1909ರಲ್ಲಿ, ಅದು ನಮ್ಮ ಬೆಂಗಳೂರಿಗೂ ಬಂತು. ಈಗ ನಮ್ಮ ಕಡೆ ಸ್ಕೌಟ್ ಅಂದರೆ ಜನರ ಕಣ್ಣಿಗೆ ಬರೋದು ಆಗಸ್ಟ್ 15ರ ಪರೇಡು, ಮುಖ್ಯ ಅತಿಥಿ ಬಂದಾಗ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯೋ ಮಕ್ಕಳು. ಪರೇಡು ಬೇಡ ಅಂತ ನಾನು ಹೇಳೋದಿಲ್ಲ. ಆದರೆ ರೀಫ್ ನಾಟ್, ಕ್ಲೋವ್ ಹಿಚ್ ಅಂತ ಹತ್ತು ಗಂಟು ಕಲಿತ ಮಗು ಒಂದು ಸಲವಾದರೂ ಗಾಳಿಯಲ್ಲಿ ಹಾರಾಡೋ ಟೆಂಟಿನ ಹಗ್ಗಕ್ಕೆ ಅದನ್ನು ಹಾಕಬೇಕು ಅಲ್ವಾ? ಡೆಸ್ಕಿನ ಕಾಲಿಗೆ ಹಾಕಿ ತೋರಿಸಿದರೆ ಆಯ್ತಾ?

ಕಳೆದ ವರ್ಷ ಕುದುರೆಮುಖಕ್ಕೆ ಹೊರಡೋ ಹಿಂದಿನ ದಿನ ನಡೆದಿದ್ದು ಹೇಳುತ್ತೇನೆ. ಊರಾಚೆಯ ಒಂದು ಆಲೆಮನೆಯಲ್ಲಿ ಬೆಲ್ಲ ತೂಗೋ ತಕ್ಕಡಿ ಇದೆ. ಮಕ್ಕಳನ್ನೂ ಬ್ಯಾಗುಗಳನ್ನೂ ಅಲ್ಲೇ ತೂಗಿದೆವು. ಬ್ಯಾಗು ಮೈತೂಕದ ಐದನೇ ಒಂದು ಪಾಲು ದಾಟಬಾರದು, ನಾವು ಇಟ್ಟುಕೊಂಡ ಲೆಕ್ಕ ಅದು. ಏಳನೇ ಕ್ಲಾಸಿನ ಒಬ್ಬ ಹುಡುಗ 38 ಕೆ.ಜಿ. ಇದ್ದ, ಅವನ ಬ್ಯಾಗು 11. ಟಾರ್ಪಲ್ ಹಾಸಿ ಎಲ್ಲ ಹೊರಗೆ ಸುರಿದ. ಮೂರು ಜೀನ್ಸ್ ಪ್ಯಾಂಟು. ಸ್ಟೀಲಿನ ಡಬ್ಬಿ ತುಂಬ ಚಕ್ಕುಲಿ, ಇನ್ನೊಂದರಲ್ಲಿ ಕೋಡುಬಳೆ. ಸೆಂಟಿನ ಬಾಟಲಿ. ಅಜ್ಜಿ ಕೊಟ್ಟ ಉಣ್ಣೆ ಶಾಲು. ಪ್ಯಾಟ್ರೋಲ್ ಲೀಡರ್, ಅಂದರೆ ಮಕ್ಕಳ ಗುಂಪಿನ ನಾಯಕಿ ಹುಡುಗಿ, ಪಕ್ಕದಲ್ಲಿ ಕೂತು ಒಂದೊಂದನ್ನೇ ಎತ್ತಿ ‘ಇದು ಬೇಕಾ?’ ಅಂತ ಕೇಳುತ್ತಾ ಹೋದಳು. ಜೀನ್ಸ್ ನೆನೆದರೆ ಒಣಗೋದಿಲ್ಲ, ಭಾರ ಬೇರೆ, ಅಂತ ಅವಳೇ ವಿವರಿಸಿದಳು. ಚಕ್ಕುಲಿ ಎಲ್ಲರ ಪಾಲಾಯಿತು. ಅದರ ಜಾಗಕ್ಕೆ ರಾಗಿ ಹುರಿಹಿಟ್ಟು, ಒಂದು ಉಂಡೆ ಬೆಲ್ಲ ಬಂತು. ಶಾಲು ಮಾತ್ರ ಅವನು ಬಿಡಲಿಲ್ಲ. ಅವಳೂ ಬಲವಂತ ಮಾಡಲಿಲ್ಲ. ಮತ್ತೆ ತೂಗಿದರೆ ಏಳೂವರೆ. ನಾವು ದೊಡ್ಡವರು ಯಾರೂ ಒಂದು ಮಾತೂ ಆಡಿರಲಿಲ್ಲ.

ಇನ್ನು ನಿಮ್ಮ ಭಯಗಳು. ಸುಮ್ನೆ ‘ಏನೂ ಆಗಲ್ಲ ಕಳಿಸಿ’ ಅಂತ ನಾನು ಹೇಳುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಕಾಡಿನಲ್ಲಿ ರಾತ್ರಿ ಉಳಿಯುವ ಹಾಗೂ ಇಲ್ಲ. ಆ ನಿಯಮ ಸರಿಯಾಗಿದೆ, ನಾವು ಅದನ್ನು ಮೀರುವುದಿಲ್ಲ. ಕಳಸದ ಹತ್ತಿರ ಸಂಸೆಯ ಕಡೆಯಿಂದ ಮುಳ್ಳೋಡಿಗೆ ಜೀಪು ಓಡಾಡುತ್ತೆ. ನಾವು ಅದೇ ದಾರಿಯಲ್ಲಿ ಪೂರ್ತಿ ಬ್ಯಾಗು ಹೊತ್ತು ನಡೆಯುತ್ತೇವೆ. ಟೆಂಟು ಹಾಕೋದು ಮುಳ್ಳೋಡಿಯ ಒಬ್ಬರ ಮನೆ ಅಂಗಳದಲ್ಲಿ. ಮಾರನೇ ದಿನ ದಾರಿ ತೋರಿಸೋ ಗೈಡ್ ಜೊತೆ ಬೆಟ್ಟ. ಹುಲಿ, ಚಿರತೆ ಅಂತ ಎಲ್ಲರೂ ಕೇಳುತ್ತಾರೆ. ಹಗಲಲ್ಲಿ, ಸಾಲಾಗಿ, ಗೈಡ್ ಹಿಂದೆ ನಡೆಯೋ ಮಕ್ಕಳಿಗೆ ಜಾಸ್ತಿ ಸಿಗೋದು ಜಿಗಣೆ. ಅದಕ್ಕೆ ಉಪ್ಪು ಇದೆ. ಪ್ರತಿ ಮಗುವಿನ ಕೊರಳಲ್ಲೂ ಸೀಟಿ ಇರುತ್ತೆ. ದಾರಿ ತಪ್ಪಿತು ಅನ್ನಿಸಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು.

ಹೆಣ್ಣುಮಕ್ಕಳ ತಾಯಂದಿರು ಫೋನಿನಲ್ಲಿ ದನಿ ತಗ್ಗಿಸಿ ಕೇಳೋ ಪ್ರಶ್ನೆಯನ್ನು ನಾನು ಇಲ್ಲೇ ಹೇಳಿಬಿಡುತ್ತೇನೆ. ಮುಟ್ಟಾದರೆ? ಗೈಡ್ ಹುಡುಗಿಯರನ್ನು ನೋಡಿಕೊಳ್ಳೋ ಗೈಡ್ ಕ್ಯಾಪ್ಟನ್ ಮೇಡಂ ಮೂರು ದಿನವೂ ಜೊತೆಗಿರುತ್ತಾರೆ. ಪ್ಯಾಡ್ ಇರುತ್ತೆ, ಬಳಸಿದ್ದನ್ನು ಕವರಿನಲ್ಲಿ ಕಟ್ಟಿ ವಾಪಸ್ ತರೋ ಏರ್ಪಾಡೂ ಇದೆ. ನಡೆಯೋಕೆ ಆಗಲ್ಲ ಅಂದ ಹುಡುಗಿ ಅವತ್ತು ಟೆಂಟಿನ ಹತ್ತಿರ ಉಳಿಯುತ್ತಾಳೆ, ಮೇಡಂ ಅವಳ ಜೊತೆ ಉಳಿಯುತ್ತಾರೆ. ದಯವಿಟ್ಟು ಈ ಒಂದು ಕಾರಣಕ್ಕೆ ಮಗಳನ್ನು ಮನೆಯಲ್ಲಿ ಕೂರಿಸಬೇಡಿ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಫಿಲ್ಮಾಂಟ್ ಅಂತ ಜಾಗ ಇದೆ, 1938ರಿಂದ ಅಲ್ಲಿನ ಸ್ಕೌಟ್‌ಗಳದ್ದು. ಹದಿನಾಲ್ಕರ ಆಸುಪಾಸಿನ ಮಕ್ಕಳು ಹತ್ತು ಹನ್ನೆರಡು ದಿನ ಬೆಟ್ಟದಲ್ಲಿ ನಡೆಯುತ್ತಾರೆ. ರಾತ್ರಿ ಊಟದ ಚೀಲವನ್ನು ಕರಡಿಗೆ ಎಟುಕದ ಹಾಗೆ ಹಗ್ಗದಲ್ಲಿ ಎತ್ತರಕ್ಕೆ ತೂಗುಹಾಕುತ್ತಾರೆ. ನಾನು ನಿಮ್ಮನ್ನು ಕೇಳುತ್ತಿರೋದು ಎರಡು ರಾತ್ರಿ.

ಕಳೆದ ವರ್ಷ ನಾವು ತುದಿ ಮುಟ್ಟಲಿಲ್ಲ. ಇದನ್ನೂ ಹೇಳಬೇಕು. ಸುಮಾರು 1,890 ಮೀಟರಿನ ಬೆಟ್ಟ ಅದು. ಒಂಟಿಮರ ದಾಟಿ, ಹುಲ್ಲಿನ ಏರು ಹತ್ತಿ ತುಂಬಾ ಮೇಲೆ ಹೋಗಿದ್ದೆವು. ಹನ್ನೆರಡೂಕಾಲಿಗೆ ಮಂಜು ಇಳಿಯಿತು. ಮುಂದಿನ ಹುಡುಗನ ಬ್ಯಾಗು ಕಾಣುತ್ತಿತ್ತು, ಅವನ ಮುಂದಿನವನದ್ದು ಇಲ್ಲ. ಪ್ಯಾಟ್ರೋಲ್ ಲೀಡರ್ ಎಲ್ಲರನ್ನೂ ನಿಲ್ಲಿಸಿ ತಲೆ ಎಣಿಸಿದಳು. ಎರಡು ಸಲ ಎಣಿಸಿದಳು. ಆಮೇಲೆ ನನ್ನ ಹತ್ತಿರ ಬಂದು ‘ಸಾರ್, ಇಳಿಯೋಣ’ ಅಂದಳು. ಗೈಡ್ ಕೂಡ ತಲೆ ಆಡಿಸಿದರು. ಇನ್ನು ಮುಕ್ಕಾಲು ಗಂಟೆ ನಡೆದಿದ್ದರೆ ತುದಿ. ಇಬ್ಬರು ಅತ್ತೇಬಿಟ್ಟರು. ಅವಳ ಕಣ್ಣಲ್ಲೂ ನೀರಿತ್ತು, ಆದರೂ ತಿರುಗಿ ನೋಡಲಿಲ್ಲ. ಇಳಿಯುವಾಗ ಶಾಲಿನ ಹುಡುಗ ನಡುಗುತ್ತಿದ್ದ ಇನ್ನೊಬ್ಬನಿಗೆ ಆ ಶಾಲು ಹೊದಿಸಿದ.

ಆ ಹುಡುಗಿಯ ಲಾಗ್‌ಬುಕ್ ನನ್ನ ಹತ್ತಿರ ಇದೆ. ಪುಟಕ್ಕೆ ಕೆಸರು ಹತ್ತಿದೆ, ಒಂದು ಕಡೆ ಇಂಕು ನೆನೆದು ಹರಡಿದೆ. ಅವಳು ಬರೆದಿರೋದು ಇಷ್ಟು: ‘12.25ಕ್ಕೆ ವಾಪಸ್ ಹೊರಟೆವು. ಮಂಜು. ತುದಿ ಮುಟ್ಟಲಿಲ್ಲ. ಎಲ್ಲರೂ ಇದ್ದಾರೆ.’ ಓದಿದಾಗ ನನಗೆ ನನ್ನ ಎಂಟನೇ ಕ್ಲಾಸಿನ ‘ಆನಂದಿಸಿದೆವು’ ನೆನಪಾಯಿತು. ನನಗೆ ಸಿಗದೇ ಹೋದ ನಡಿಗೆ ಈ ಇಪ್ಪತ್ತೆರಡು ಮಕ್ಕಳಿಗೂ ಸಿಗಬೇಕು.

ಬರೋ ಭಾನುವಾರ ಬೆಳಗ್ಗೆ ಆರಕ್ಕೆ ಶ್ರೀರಂಗಪಟ್ಟಣದ ಕರಿಘಟ್ಟದ ಮೆಟ್ಟಿಲ ಹತ್ತಿರ ಪ್ರಾಕ್ಟೀಸ್ ಇದೆ. ಸ್ಕೂಲ್ ಬ್ಯಾಗೇ ಸಾಕು, ಒಳಗೆ ಐದು ಲೀಟರ್ ನೀರು ಇಟ್ಟು ಕಳಿಸಿ. ಅಪ್ಪ ಅಮ್ಮ ಕೂಡ ಬಂದು ಹತ್ತಬಹುದು, ಮೇಲೆ ಕೂತು ಮಾತಾಡೋಣ, ಕೇಳೋದೆಲ್ಲ ಕೇಳಿ. ಮಗುವಿಗೆ ಹೊಸ ಶೂ ಕೊಡಿಸೋದಾದರೆ ಈ ವಾರವೇ ಕೊಡಿಸಿ. ಹೊರಡೋ ದಿನ ಹೊಸ ಶೂ ಹಾಕಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಬರುತ್ತೆ.