ಸತ್ಯಾಂಶ: ಗೂಗಲ್ ಹುಟ್ಟಿದ್ದು ಗ್ಯಾರೇಜಿನಲ್ಲಾ?

"ಕಾಲೇಜು ಬಿಟ್ಟ ಇಬ್ಬರು ಹುಡುಗರು ಗ್ಯಾರೇಜಿನಲ್ಲಿ ಕೂತು ಗೂಗಲ್ ಕಂಡುಹಿಡಿದರು, ಯಾವ ಯೂನಿವರ್ಸಿಟಿಯ ಹಂಗೂ ಇರಲಿಲ್ಲ" ಅನ್ನುವ ವಾಟ್ಸಾಪ್ ಫಾರ್ವರ್ಡ್ ನೋಡಿರುತ್ತೀರಿ, ಅಲ್ವಾ? ಗ್ಯಾರೇಜು ನಿಜ. ಉಳಿದದ್ದು ಅಷ್ಟು ನಿಜವಲ್ಲ.

ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಇಬ್ಬರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. 1996ರಲ್ಲಿ ಅವರ ಸರ್ಚ್ ಎಂಜಿನ್ ಓಡಿದ್ದು ಅಲ್ಲಿನ ಕಂಪ್ಯೂಟರುಗಳಲ್ಲೇ. ಆ ಸಂಶೋಧನೆಗೆ ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಹಣವೂ ಇತ್ತು. ಮೆನ್ಲೊ ಪಾರ್ಕಿನ ಗ್ಯಾರೇಜಿಗೆ ಅವರು ಬಂದದ್ದು 1998ರಲ್ಲಿ, ಕಂಪನಿ ಶುರುವಾದಾಗ.

ಇನ್ನು ಗೂಗಲ್ ಸರ್ಚಿನ ಮೂಲ ವಿಧಾನದ ಪೇಟೆಂಟ್ ವಿಷಯ. ಒಂದು ವೆಬ್ ಪುಟಕ್ಕೆ ಎಷ್ಟು ಪುಟಗಳು, ಎಂಥ ಪುಟಗಳು ಲಿಂಕ್ ಕೊಟ್ಟಿವೆ ಎಂದು ನೋಡಿ ಅದರ ತೂಕ ಅಳೆಯುವ ವಿಧಾನವೇ ಪೇಜ್‌ರ‍್ಯಾಂಕ್. ಪೇಟೆಂಟಿನಲ್ಲಿ ಸಂಶೋಧಕ ಎಂದು ಪೇಜ್ ಹೆಸರಿದೆ, ಆದರೆ ಒಡೆತನ ಸ್ಟ್ಯಾನ್‌ಫರ್ಡ್‌ನದಾಗಿತ್ತು. ಗೂಗಲ್ ಅದನ್ನು ಲೈಸೆನ್ಸ್ ಮೇಲೆ ಪಡೆಯಿತು, ಸುಮ್ನೆ ಅಲ್ಲ: ಬದಲಿಗೆ ಸುಮಾರು 18 ಲಕ್ಷ ಷೇರು ಕೊಟ್ಟಿತು. 2005ರ ಹೊತ್ತಿಗೆ ಅವನ್ನು ಮಾರಿದ ವಿಶ್ವವಿದ್ಯಾಲಯಕ್ಕೆ ಬಂದದ್ದು ಸುಮಾರು 33.6 ಕೋಟಿ ಡಾಲರ್. (ಇನ್ನೂ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತೋ, ಬಿಡಿ!)

'ಕಾಲೇಜು ಬಿಟ್ಟರು' ಅನ್ನುವುದೂ ಅರ್ಧ ಮಾತು. ಇಬ್ಬರಿಗೂ ಸ್ಟ್ಯಾನ್‌ಫರ್ಡ್‌ನ ಮಾಸ್ಟರ್ಸ್ ಪದವಿ ಇದೆ. ಅರ್ಧಕ್ಕೆ ನಿಂತದ್ದು ಪಿಎಚ್‌ಡಿ ಮಾತ್ರ.