ಕೌದಿಯಲ್ಲೊಂದು ಸೀಟು

ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ. ಅದೂ ಚೆನ್ನಾಗಿ ಹೊಲಿದದ್ದನ್ನು, ಒಂದು ಟಾಕೂ ಆಚೀಚೆ ಆಗದೇ ಇದ್ದದ್ದನ್ನು, ಯಾರದೋ ಮುನಿಸಿಗೆ ಬಿಚ್ಚುವುದಿದೆಯಲ್ಲ, ಅದರ ಉರಿಯೇ ಬೇರೆ. ಈ ವಾರವೆಲ್ಲ ನನಗೆ ಅದೇ ಕೆಲಸ. ಬನಶಂಕರಿಯ ನಮ್ಮ ಮನೆ ಹಾಲ್‌ನಲ್ಲಿ ಅರ್ಧಕ್ಕೆ ಬಂದ ಕೌದಿಯನ್ನು, ಅಂದರೆ ಹಳೇ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಯನ್ನು, ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಒಂದೊಂದೇ ದಾರ ಕೀಳುತ್ತಾ ಕೂತಿದ್ದೇನೆ. ಯಾಕೆ ಅಂದರೆ ನಮ್ಮ ದೊಡ್ಡಮ್ಮನ ಸೀರೆ ಮೂಲೆಗೆ ಬಿದ್ದಿದೆ. ಅದರ ಮಗ್ಗುಲಲ್ಲಿ ಅವರ ಓರಗಿತ್ತಿಯ ಸೀರೆ ಬಂದಿದೆ. ಈ ಎರಡರಲ್ಲಿ ಯಾವುದು ದೊಡ್ಡ ಅಪರಾಧ ಅಂತ ಇನ್ನೂ ತೀರ್ಪಾಗಿಲ್ಲ.

ಇಷ್ಟಕ್ಕೂ ನಾವು ಕೌದಿಗೆ ಕೈ ಹಾಕಿದ್ದು ಬೀರು ಖಾಲಿ ಮಾಡೋಣ ಅಂತ. ಹಳೇ ಕಾಟನ್ ಸೀರೆಗಳನ್ನು ಏನು ಮಾಡುತ್ತೀರಿ, ಹೇಳಿ? ಮೊದಲಾದರೆ ಸ್ಟೀಲ್ ಪಾತ್ರೆ ಮಾರುವವಳು ಬೀದಿಗೆ ಬರುತ್ತಿದ್ದಳು. ಒಂದು ರಾಶಿ ಸೀರೆ ಕೊಟ್ಟರೆ, ಅರ್ಧ ಗಂಟೆ ಚೌಕಾಸಿ ಮಾಡಿ, ಒಂದು ಡಬರಿ ಕೊಟ್ಟು ಹೋಗುತ್ತಿದ್ದಳು. ಈಗ ಅವಳನ್ನು ಅಪಾರ್ಟ್‌ಮೆಂಟ್ ಗೇಟಿನಲ್ಲೇ ನಿಲ್ಲಿಸಿಬಿಡುತ್ತಾರೆ. ಯಾರಿಗಾದರೂ ಸುಮ್ನೆ ಕೊಡೋಣ ಅಂದರೆ, 'ಸಿಂಥೆಟಿಕ್ ಇದ್ರೆ ಕೊಡಿ ಅಕ್ಕಾ, ಇಸ್ತ್ರಿ ಬೇಕಾಗಲ್ಲ' ಅನ್ನುತ್ತಾರೆ. ಅವರು ಹೇಳೋದೂ ಸರಿಯೇ ಅಲ್ವಾ?

ಆಗ ಮೂರನೇ ಮಹಡಿಯ ಗೆಳತಿ ಕೌದಿಯ ಮಾತು ತೆಗೆದಳು. ಅವಳು ಧಾರವಾಡದವಳು. ಅವರ ಕಡೆ ಮನೆಮನೆಯಲ್ಲೂ ಕೌದಿ. ನಮ್ಮಜ್ಜಿಯ ಕಾಲದಲ್ಲಿ ನಮ್ಮ ಕಡೆಯೂ ಇತ್ತು, ಬೊಂತೆ ಅಂತಿದ್ದರು. ಆಮೇಲೆ ಚೈನಿನ ಬ್ಯಾಗಿನಲ್ಲಿ ಬರುವ ದಪ್ಪ ಬ್ಲಾಂಕೆಟ್ ಬಂತು, ಎಲ್ಲ ಮರೆತೆವು. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನಮ್ಮ ಮನೆಯಲ್ಲಿ ಸೇರೋಣ ಅಂತಾಯಿತು. ನಾನು, ತಂಗಿ, ಚಿಕ್ಕಮ್ಮ, ಧಾರವಾಡದ ಗೆಳತಿ, ನಾದಿನಿಯ ಮಗಳು. ಈ ಹುಡುಗಿ ಸಾಫ್ಟ್‌ವೇರ್. ಭಾನುವಾರವೂ ಲ್ಯಾಪ್‌ಟಾಪ್ ತರುತ್ತಾಳೆ. ಕ್ಯಾಮೆರಾ ಆಫ್ ಮಾಡಿಕೊಂಡು, ಕಿವಿಯಲ್ಲಿ ಅಮೆರಿಕ, ಕೈಯಲ್ಲಿ ಸೂಜಿ. ಒಂದು ಸಲ ಮೈಕ್ ಆನ್ ಇರುವಾಗಲೇ ಸೂಜಿ ಚುಚ್ಚಿಕೊಂಡು 'ಅಯ್ಯಮ್ಮಾ!' ಅಂತ ಕಿರುಚಿದಳು. ಆ ಕಡೆಯವರು ಪಾಪ ಏನೋ ದೊಡ್ಡ ಆಕ್ಷೇಪಣೆ ಅಂದುಕೊಂಡು ಡೆಡ್‌ಲೈನನ್ನೇ ಮುಂದಕ್ಕೆ ಹಾಕಿದರಂತೆ.

ಸುದ್ದಿ ಹರಡಿದ್ದೇ ತಡ, ಮನೆ ಬಾಗಿಲಿಗೆ ಕವರ್‌ಗಳು ಬರಲು ಶುರುವಾದವು. 'ನೀವು ಬಟ್ಟೆ ತಗೊಳ್ತೀರಂತೆ' ಅಂತ. ಕಾಟನ್ ಮಾತ್ರ ಅಂತ ಎಷ್ಟು ಬಡಿದುಕೊಂಡರೂ ಯಾರ ಕಿವಿಗೂ ಹೋಗಲಿಲ್ಲ. ಜೀನ್ಸ್ ಪ್ಯಾಂಟು, ಬನಿಯನ್ನು, ರಿಂಗ್ ಸಮೇತ ಕರ್ಟನ್ನು, ಯಾರದೋ ಮಗುವಿನ ಸ್ಕೂಲ್ ಟೈ. ನೈಲಾನ್ ಸೀರೆಯನ್ನು ನಾಲ್ಕು ಪದರದಲ್ಲಿ ಇಟ್ಟರೆ ಸೂಜಿ ಒಳಗೆ ಹೋಗಲ್ಲ, ಹೋದರೆ ಆಚೆ ಬರಲ್ಲ. ಹಳೇ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳಿಕೊಳ್ಳುತ್ತೆ. ಒಗೆದೊಗೆದು ಮೆತ್ತಗಾದ ಕಾಟನ್ನೇ ಆಗಬೇಕು. ಅದನ್ನೂ ನೇರವಾಗಿ ಹೊಲಿಯೋಕಾಗಲ್ಲ. ಮೊದಲು ಫಾಲ್ ಬಿಚ್ಚಬೇಕು. ಐದೂವರೆ ಮೀಟರ್ ಸೀರೆಯ ಫಾಲ್ ಬಿಚ್ಚುತ್ತಾ ಕೂತರೆ, ಅದನ್ನು ಹಾಕಿದ ಟೈಲರ್ ಯಾರೋ ಏನೋ, ಅವನ ಮೇಲೆ ಗೌರವವೂ ಸಿಟ್ಟೂ ಒಟ್ಟೊಟ್ಟಿಗೇ ಬರುತ್ತೆ.

ಕತ್ತರಿಯ ಕಥೆ ಹೇಳಿ ಪ್ರಯೋಜನವಿಲ್ಲ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಲೆದು ಟೈಲರ್ ಕತ್ತರಿ ತಂದಿದ್ದೆ. ಕಾಗದ ಕತ್ತರಿಸಬೇಡಿ, ಅದರಲ್ಲಿ ಸುಣ್ಣದ, ಜೇಡಿಯ ಪುಡಿ ಬೆರೆಸಿರುತ್ತಾರೆ, ಬಾಯಿ ಮೊಂಡಾಗುತ್ತೆ ಅಂತ ಮನೆಯವರಿಗೆ ಪಾಠ ಮಾಡಿದ್ದೆ. ಅವರು ಕಾಗದ ಕತ್ತರಿಸಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಿದರು.

ಹೊಲಿಯೋದು ಹೇಗೆ ಅನ್ನುವುದಕ್ಕೇ ಒಂದು ಭಾನುವಾರ ಹೋಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಸಿದ್ದಿ ಜನಾಂಗದ ಹೆಂಗಸರು ಕೌದಿ ಹೊಲಿಯುವ ರೀತಿ ನಮಗೆಲ್ಲ ತುಂಬ ಹಿಡಿಸಿತು. ಅವರು ಹೊರ ಅಂಚಿನಿಂದ ಶುರು ಮಾಡುತ್ತಾರೆ. ಒಂದು ತುಂಡಿನ ಪಕ್ಕ ಇನ್ನೊಂದು ತುಂಡು ಇಡುತ್ತಾ, ಕೌದಿಯ ಸುತ್ತ ಸುತ್ತಿಕೊಂಡು, ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಪುಟ್ಟ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿಯುತ್ತಾರೆ. ಅದೇ ಹೂವು. ಹೂವಿಲ್ಲದೆ ಅವರ ಕೌದಿ ಪೂರ್ತಿಯಾಗಲ್ಲ. ಮೆಷಿನ್ನೂ ಬೇಡ, ಅಳತೆ ಪಟ್ಟಿಯೂ ಬೇಡ. ಕೈ ಸೂಜಿ, ದಪ್ಪ ದಾರ, ಬೆರಳಿಗೊಂದು ಅಂಗುಸ್ತಾನ ಇದ್ದರೆ ಸಾಕು. ಎಷ್ಟು ಚಂದ ಅಲ್ವಾ ಅಂದುಕೊಂಡು ಹಾಗೇ ಶುರು ಮಾಡಿದೆವು.

ಇದರಲ್ಲಿ ಒಂದು ಗಂಡಾಂತರವಿದೆ. ಮೊದಲು ಸೀರೆ ಕೊಟ್ಟವರು ಅಂಚಿಗೆ ಹೋಗುತ್ತಾರೆ. ತಡ ಮಾಡಿದವರಿಗೆ ನಡುವಿನ ಜಾಗ. ಮದುವೆ ಮನೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕೂತರು, ಯಾರ ಪಕ್ಕ ಯಾರ ಎಲೆ ಬಿತ್ತು ಅಂತ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಕುಟುಂಬ ನಮ್ಮದು. ಅಂಥವರ ಕೈಗೆ ಈ ಕೌದಿ ಸಿಕ್ಕರೆ ಕೇಳಬೇಕೇ?

ಎಲ್ಲರಿಗಿಂತ ಮೊದಲು ಸೀರೆ ಕೊಟ್ಟವರು ದೊಡ್ಡಮ್ಮ.

ದೊಡ್ಡಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಮಲ್ಲೇಶ್ವರದಲ್ಲಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಒಬ್ಬರೇ ಬನಶಂಕರಿಗೆ ಬರುತ್ತಾರೆ. ಕೆಲಸ ಮಾಡಿದ್ದು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ವಾಚಿನ ಒಳಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಂಗಸರು ತುಂಬ ಜನ ಇದ್ದರು. ಕಣ್ಣಿಗೊಂದು ಲೆನ್ಸ್, ಕೈಗೊಂದು ಚಿಮುಟ, ಎದುರಿಗೆ ಸಾಸಿವೆಗಿಂತ ಸಣ್ಣ ಸ್ಕ್ರೂ. ಇಡೀ ಕೆಲಸದ ಜೀವನ ಹಾಗೆ ಕಳೆದವರಿಗೆ ನಮ್ಮ ಹೊಲಿಗೆ ತೋರಿಸಿದರೆ ಏನಾಗಬೇಡ?

ಅವರು ಬೈಯುವುದಿಲ್ಲ. ಬೈದರೆ ವಾಸಿ. ಬಂದು ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಚೀಲದಿಂದ ಆ ಹಳೇ ಲೆನ್ಸ್ ತೆಗೆಯುತ್ತಾರೆ. ಹೌದು, ಇನ್ನೂ ಇಟ್ಟುಕೊಂಡಿದ್ದಾರೆ. ಒಂದು ಕಣ್ಣಿಗೆ ಅದನ್ನು ಸಿಕ್ಕಿಸಿಕೊಂಡು, ಕೌದಿಯ ಮೇಲೆ ಬಗ್ಗಿ, ಅಂಚಿನಿಂದ ಅಂಚಿಗೆ ಹೋಗುತ್ತಾರೆ. ಆಗ ಎಲ್ಲರ ಸೂಜಿಯೂ ನಿಲ್ಲುತ್ತೆ. 'ಇದು ಯಾರದು?' ಅಂತ ಕೇಳುತ್ತಾರೆ. ಯಾರದು ಅಂತ ಅವರಿಗೆ ಗೊತ್ತು. ಆದರೂ ಕೇಳುತ್ತಾರೆ. ಚಿಕ್ಕಮ್ಮ ಮೆಲ್ಲಗೆ ಕೈ ಎತ್ತುತ್ತಾರೆ. 'ಪರವಾಗಿಲ್ಲ. ದೂರದಿಂದ ನೋಡೋರಿಗೆ ಕಾಣಲ್ಲ' ಅನ್ನುತ್ತಾರೆ ದೊಡ್ಡಮ್ಮ. ನನ್ನ ಸಾಲಿಗೆ ಬಂದಾಗ, 'ನೀನು ಮೊದಮೊದಲು ಚೆನ್ನಾಗಿ ಹಾಕ್ತೀಯ, ಆಮೇಲೆ ಊಟದ ಹೊತ್ತಾಯ್ತು ಅಂತ ಗೊತ್ತಾಗುತ್ತೆ.' ತಂಗಿಯ ಹೊಲಿಗೆಗೆ ಮಾತೇ ಇಲ್ಲ. ಬರೀ ಒಂದು ನಿಟ್ಟುಸಿರು. ಧಾರವಾಡದ ಗೆಳತಿ ಹೊರಗಿನವಳು ಅಂತ ಅವಳನ್ನು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆವು. 'ನಿಮ್ಮ ಕಡೆ ಹೀಗೇನಾ?' ಅಂತ ವಿನಯವಾಗಿ ಕೇಳಿದರು. ಅವಳು ಮುಂದಿನ ಭಾನುವಾರ ಬರಲಿಲ್ಲ. ನೆಗಡಿಯಂತೆ.

ಇದನ್ನೆಲ್ಲ ನಾವು ಸಹಿಸಿಕೊಂಡಿದ್ದೆವು. ಕಳೆದ ಭಾನುವಾರದ್ದು ಬೇರೆ. ಅವತ್ತು ದೊಡ್ಡಮ್ಮ ಹೊಲಿಗೆ ನೋಡಲಿಲ್ಲ, ತಮ್ಮ ಸೀರೆ ಹುಡುಕಿದರು. ಲೆನ್ಸ್ ಹಾಕಿಕೊಂಡೇ ಹುಡುಕಿದರು. ನಡುವಿನಲ್ಲಿ ಹುಡುಕಿದರು, ಆಮೇಲೆ ಎರಡನೇ ಸುತ್ತಿನಲ್ಲಿ. ಕೊನೆಗೆ ಎಡಗಡೆಯ ಮೂಲೆಯಲ್ಲಿ ಸಿಕ್ಕಿತು. ತಿಳಿ ನೀಲಿ ಬಣ್ಣ, ಸಣ್ಣ ಬಿಳಿ ಚುಕ್ಕಿ.

'ಮೂಲೆಗೆ ಹಾಕಿದ್ದೀಯ' ಅಂದರು.

'ಮೂಲೆಗೇ ಹೂವು ಬರೋದು ದೊಡ್ಡಮ್ಮ. ವಿಶೇಷ ಜಾಗ ಅದು' ಅಂದೆ.

'ಹೂವು ಇಟ್ಟು ಮೂಲೆಗೆ ಕೂರಿಸಿದ್ದೀಯ.'

ಅಷ್ಟರಲ್ಲಿ ಅವರ ಕಣ್ಣು ಮಗ್ಗುಲ ತುಂಡಿನ ಮೇಲೆ ಬಿತ್ತು. ಹಳದಿಗೆ ಹಸಿರು ಅಂಚು. 'ಇದು ಯಾರದು?' ಈ ಸಲ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಾದಿನಿಯ ಮಗಳಿಗೆ ನಮ್ಮ ಇತಿಹಾಸ ಗೊತ್ತಿಲ್ಲ. ಅವಳು ಉತ್ಸಾಹದಿಂದ ಓರಗಿತ್ತಿಯ ಹೆಸರು ಹೇಳಿಬಿಟ್ಟಳು.

ಇವರಿಬ್ಬರ ಜಗಳಕ್ಕೆ ಕಾರಣ ಚಕ್ಕುಲಿ ಒರಳು. ಯಾವುದೋ ಕಾಲದ ಗೋಕುಲಾಷ್ಟಮಿಗೆ ಓರಗಿತ್ತಿ ಇಸಕೊಂಡು ಹೋದರು. ಹಿತ್ತಾಳೆಯದು. ವಾಪಸ್ ಬಂದಾಗ ನಕ್ಷತ್ರದ ಬಿಲ್ಲೆ ಇರಲಿಲ್ಲ. ಓಮಪುಡಿ ಬಿಲ್ಲೆ ಇತ್ತು, ರಿಬ್ಬನ್ ಪಕೋಡದ್ದಿತ್ತು, ನಕ್ಷತ್ರದ್ದು ಇಲ್ಲ. 'ಕೊಟ್ಟಾಗಲೇ ಇರಲಿಲ್ಲ' ಅಂತ ಅವರು, 'ಎಣಿಸಿ ಕೊಟ್ಟಿದ್ದೆ' ಅಂತ ಇವರು. ಎಚ್‌ಎಂಟಿಯಲ್ಲಿ ಸ್ಕ್ರೂ ಎಣಿಸುತ್ತಿದ್ದವರಿಗೆ ಬಿಲ್ಲೆ ಎಣಿಸಲು ಬರಲ್ಲ ಅಂದರೆ ಸುಮ್ಮನಿರುತ್ತಾರಾ? ಅಂದಿನಿಂದ ಮದುವೆ ಮುಂಜಿಗಳಲ್ಲಿ ಕುಂಕುಮ ಕೊಡುತ್ತಾರೆ, ತಗೊಳ್ಳುತ್ತಾರೆ, ಮಾತಿಲ್ಲ.

'ಅವಳ ಮಗ್ಗುಲಲ್ಲಿ ನಾನು ಇರಲ್ಲ. ಬಿಚ್ಚು. ನಡುವಿಗೆ ಹಾಕು' ಅಂದರು ದೊಡ್ಡಮ್ಮ.

ಬಿಚ್ಚು ಅಂದಷ್ಟು ಸುಲಭವಲ್ಲ ಅಂತ ವಿವರಿಸಿದೆ. ಒಳಗಿನ ತುಂಡಿನ ಅಂಚು ಹೊರಗಿನ ತುಂಡಿನ ಮೇಲೆ ಕೂತಿರುತ್ತೆ. ಹೊಲಿಗೆಯ ಸಾಲು ಎಲ್ಲಿಯೂ ನಿಲ್ಲದೆ ಸುತ್ತಿಕೊಂಡು ಓಡಿರುತ್ತೆ. ಮೂಲೆಯ ತುಂಡು ತೆಗೆಯಬೇಕಾದರೆ ಒಳಗಿನ ಸಾಲುಗಳನ್ನೆಲ್ಲ ಕೀಳಬೇಕು. 'ವಾಚಿನಲ್ಲೂ ಹಾಗೇ. ಅಡಿಯ ಚಕ್ರ ತಪ್ಪಾಗಿದ್ದರೆ ಮೇಲಿನದ್ದೆಲ್ಲ ತೆಗೆಯಲೇಬೇಕು. ನಾವು ತೆಗೀತಿರಲಿಲ್ವಾ?' ಅಂದರು. ನಡು ಅಂದರೆ ಜಾಸ್ತಿ ಸವೆಯುವ ಜಾಗ, ಕಾಫಿ ಚೆಲ್ಲುವುದೂ ಅಲ್ಲೇ ಅಂತ ತಂಗಿ ಹೇಳಿ ನೋಡಿದಳು. 'ಸವೆಯಲಿ. ಸವೆಯೋಕೇ ಅಲ್ವಾ ಕೊಟ್ಟಿದ್ದು?' ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಕಾಫಿ ಎರಡನೇ ಸಲ ಆಯಿತು. ಹುಡುಗಿ ಸುಮ್ನಿರಲಾರದೆ, 'ಅಷ್ಟೊಂದು ಇಷ್ಟ ಇದ್ರೆ ಆ ಸೀರೆ ಯಾಕೆ ಕೊಟ್ರಿ ಅಜ್ಜಿ?' ಅಂದಳು. ಮೊದಲನೇ ಬೋನಸ್ಸಿನಲ್ಲಿ ತಗೊಂಡಿದ್ದಂತೆ. ಅವತ್ತು ಸಂಬಳದ ಕವರನ್ನು ಮನೆಯಲ್ಲಿ ಮಾವನ ಕೈಗೆ ಕೊಟ್ಟರು, ಬೋನಸ್ಸಿನ ವಿಷಯ ಮಾತ್ರ ಹೇಳಲಿಲ್ಲ. ಚಿಕ್ಕಪೇಟೆಗೆ ಒಬ್ಬರೇ ಹೋಗಿ, ಒಬ್ಬರೇ ಆರಿಸಿ, ಬೆಲೆ ಕೇಳಿ, ದುಡ್ಡು ಕೊಟ್ಟು ತಗೊಂಡ ಮೊದಲ ಸೀರೆ. ಮನೆಯಲ್ಲಿ ಅಮ್ಮ ಕೊಡಿಸಿದ್ದು ಅಂದರಂತೆ. ಫ್ಯಾಕ್ಟರಿಯ ಗೆಳತಿಯರಿಗೆ ಮಾತ್ರ ನಿಜ ಗೊತ್ತಿತ್ತು. ಅವರಲ್ಲಿ ಈಗ ಎಷ್ಟು ಜನ ಇದ್ದಾರೋ ಅಂದರು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿಯ ಮ್ಯೂಸಿಯಂ ಇದೆ. ಮೊಮ್ಮಗ ಕರೆದುಕೊಂಡು ಹೋಗಿದ್ದನಂತೆ. ಗಾಜಿನ ಆಚೆ ವಾಚುಗಳು. 'ನಾವು ಜೋಡಿಸಿದ್ದಕ್ಕೆ ನಮ್ಮ ಹೆಸರು ಇರುತ್ತಾ? ಅದು ಟಿಕ್ ಟಿಕ್ ಅಂದರೆ ಸಾಕಾಗಿತ್ತು' ಅಂದರು. ಸ್ವಲ್ಪ ಹೊತ್ತು ಯಾರೂ ಸೂಜಿ ಎತ್ತಲಿಲ್ಲ. ನನ್ನ ಸಿಟ್ಟೂ ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಅಂತ ಹೇಳಲಾರೆ, ಬಿಚ್ಚುವವಳು ನಾನು ತಾನೇ.

ನೆಗಡಿ ವಾಸಿಯಾಗಿ ಧಾರವಾಡದ ಗೆಳತಿ ನಿನ್ನೆ ಇಳಿದು ಬಂದು, ಮುಂದಿನ ತಕರಾರಿಗೆ ಬೀಜ ಹಾಕಿ ಹೋದಳು. ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಹಾಕಬೇಕಂತೆ. 'ಕೌದಿ ಹೊಟ್ಟಿ ಖಾಲಿ ಇರಬಾರದ್ರೀ.' ಎಷ್ಟು ಒಳ್ಳೆಯ ಮಾತು ಅಂತ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. 'ಯಾವ ಅಕ್ಕಿ?' ಅಂದರು. ಸೋನಾ ಮಸೂರಿ ಅಂದೆ. 'ಹುಳ ಬೀಳಲ್ವಾ? ನನ್ನ ಸೀರೆ ಕೆಳಗೆ ಹುಳ ಬೇಡ. ಹಾಕೋದಾದರೆ ಅವಳದರ ಕೆಳಗೆ ಹಾಕು.' ಅಕ್ಕಿ ಹಾಕೋದು ನಡುವಿಗೆ. ನಡು ಬೇಕು ಅಂದವರು ಅವರೇ. ಇದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಅಂತ ಭಾನುವಾರ ಚೀಟಿ ಎತ್ತಬೇಕು.

ಇನ್ನು ಮುಗಿದ ಮೇಲೆ ಕೌದಿ ಯಾರ ಮನೆಯಲ್ಲಿರಬೇಕು ಅನ್ನುವ ಪ್ರಶ್ನೆ. ಅದನ್ನೂ ದೊಡ್ಡಮ್ಮ ಫೋನಿನಲ್ಲೇ ಇತ್ಯರ್ಥ ಮಾಡಿದ್ದಾರೆ. ವರ್ಷಪೂರ್ತಿ ತಿರುಗಲಿ ಅಂತ. ಡಿಸೆಂಬರ್, ಜನವರಿ ಅವರಿಗೆ, ಮಲ್ಲೇಶ್ವರದಲ್ಲಿ ಮರ ಜಾಸ್ತಿ, ಚಳಿ ಜಾಸ್ತಿಯಂತೆ. ಮಳೆಗಾಲ ಚಿಕ್ಕಮ್ಮನಿಗೆ. ನವೆಂಬರ್ ತಂಗಿಗೆ. ಸಾಫ್ಟ್‌ವೇರ್ ಹುಡುಗಿಗೆ ಫೆಬ್ರವರಿ, ಅವಳ ಆಫೀಸಿನಲ್ಲಿ ಎಸಿ ಇರುವುದರಿಂದ ಅಷ್ಟು ಸಾಕು.

'ನನಗೆ?' ಅಂದೆ.

'ನೀನು ಮೇ ತಿಂಗಳಲ್ಲಿ ಇಟ್ಕೋ. ಬಿಸಿಲು ಚೆನ್ನಾಗಿರುತ್ತೆ, ಒಗೆದು ಒಣಗಿಸೋಕೆ ಅನುಕೂಲ.'